ಲಾರ್ಡ್ ಕಾರ್ನ್‌ವಾಲಿಸ್‌ನ ಮನೆತನದ ಬಗ್ಗೆ ತಿಳಿದವರು ಹೇಳುವಿರಾ?

ಪ್ರಶ್ನೆ (ಚಾಮರಾಜಪೇಟೆಯಿಂದ):
ನಮಸ್ಕಾರ. ಕೆ.ಆರ್. ಮಾರುಕಟ್ಟೆಯ ಬಳಿಯ ಕೋಟೆಯಲ್ಲಿ, 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗವನ್ನು ಗುರುತಿಸುವ ಫಲಕವಿದೆ. ಮೊನ್ನೆ ಅದನ್ನು ಮಗಳಿಗೆ ತೋರಿಸಿ, ಆ ಸೇನೆಯ ದಂಡನಾಯಕ ಕಾರ್ನ್‌ವಾಲಿಸ್ ಎಂದೆ. ಅವನ ಮನೆಯಲ್ಲಿ ಯಾರ್ಯಾರಿದ್ದರು ಎಂದು ಅವಳು ಕೇಳಿದಾಗ ಉತ್ತರ ತಿಳಿಯಲಿಲ್ಲ. ದಯವಿಟ್ಟು ತಿಳಿಸಿ.

ಉತ್ತರ (ಬಸವನಗುಡಿಯಿಂದ):
ಅವನು 1738ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆ ಆ ಮನೆತನದ ಮೊದಲ ಅರ್ಲ್ (ಬ್ರಿಟನ್ನಿನ ಒಂದು ಕುಲೀನ ಪದವಿ). ಚಿಕ್ಕಪ್ಪಂದಿರಿಬ್ಬರು ಅವಳಿಗಳು: ಫ್ರೆಡರಿಕ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರೆ, ಎಡ್ವರ್ಡ್ 1749ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಪಟ್ಟಣವನ್ನು ಸ್ಥಾಪಿಸಿದ. ತಮ್ಮಂದಿರಲ್ಲಿ ವಿಲಿಯಂ ನೌಕಾಪಡೆಯ ಅಡ್ಮಿರಲ್, ಜೇಮ್ಸ್ ಬಿಷಪ್. ಚರ್ಚು, ಸೇನೆ, ಹಡಗು ಮೂರರಲ್ಲೂ ಒಂದೇ ಮನೆಯವರು ಮೇಲಿನ ಸ್ಥಾನಗಳಲ್ಲಿದ್ದರು. ನಿಮ್ಮ ಮಗಳಿಗೆ ಇದನ್ನೂ ಹೇಳಿ: ಈಟನ್ ಶಾಲೆಯಲ್ಲಿ ಹಾಕಿ ಆಡುವಾಗ ಬಿದ್ದ ಪೆಟ್ಟಿನಿಂದ ಅವನ ಒಂದು ಕಣ್ಣಿಗೆ ಗಾಯವಾಗಿತ್ತು.

ಉತ್ತರ (ಮಲ್ಲೇಶ್ವರದಿಂದ):
ಅವನ ಸಂಸಾರದ ಕಥೆಯನ್ನೂ ಸೇರಿಸುತ್ತೇನೆ. 1768ರಲ್ಲಿ ಅವನು ಕರ್ನಲ್ ಒಬ್ಬರ ಮಗಳಾದ ಜೆಮೈಮಾಳನ್ನು ಮದುವೆಯಾದ. ಮೇರಿ ಮತ್ತು ಚಾರ್ಲ್ಸ್ ಎಂಬ ಇಬ್ಬರು ಮಕ್ಕಳಾದರು. ಹೆಂಡತಿಗೆ ಕಾಯಿಲೆ ಹೆಚ್ಚಾದಾಗ ಅಮೆರಿಕದ ಸ್ವಾತಂತ್ರ್ಯ ಯುದ್ಧದ ರಣಭೂಮಿಯಿಂದ ಮರಳಿ ಬಂದ, ಆದರೆ 1779ರಲ್ಲಿ ಆಕೆ ತೀರಿಕೊಂಡಳು. ಅವನು ಮತ್ತೆ ಮದುವೆಯಾಗಲಿಲ್ಲ. ಮಕ್ಕಳನ್ನು ಬಿಟ್ಟು ಅದೇ ಯುದ್ಧಕ್ಕೆ ಹಿಂತಿರುಗಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ. ಅಂಥ ಸೋಲಿನ ನಂತರವೂ 1786ರಲ್ಲಿ ಭಾರತದಲ್ಲಿ ಗವರ್ನರ್ ಜನರಲ್ ಹುದ್ದೆ ದೊರೆತದ್ದರ ಹಿಂದೆ ಮನೆತನದ ಬಲವೂ ಇತ್ತೆಂಬುದು ನನ್ನ ಅಭಿಪ್ರಾಯ.

ತಾಯಿಯಿಲ್ಲದ ಮಕ್ಕಳ ತಂದೆಯಾಗಿದ್ದ ಇದೇ ಮನುಷ್ಯ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಗಳ ಜೊತೆಗೆ, ಟಿಪ್ಪುವಿನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಒತ್ತೆಯಾಗಿ ಪಡೆದ. ಅವರನ್ನು ಅವನು ವಾತ್ಸಲ್ಯದಿಂದ ಬರಮಾಡಿಕೊಂಡಂತೆ ಬ್ರಿಟಿಷ್ ಚಿತ್ರಕಾರರು ಬರೆದರು. ಸಾಲಕ್ಕೆ ಮಕ್ಕಳನ್ನು ಅಡವಿಡಿಸಿಕೊಂಡದ್ದನ್ನು ವಾತ್ಸಲ್ಯವೆಂದು ಒಪ್ಪಲು ನನ್ನಿಂದಾಗದು.

ಉತ್ತರ (ಜಯನಗರದಿಂದ):
ಎರಡನೆಯ ಬಾರಿ ಗವರ್ನರ್ ಜನರಲ್ ಆಗಿ ಬಂದ ಕೆಲವೇ ತಿಂಗಳಲ್ಲಿ, 1805ರ ಅಕ್ಟೋಬರ್ 5ರಂದು ಅವನು ಗಾಜಿಪುರದಲ್ಲಿ ತೀರಿಕೊಂಡ. ಸಮಾಧಿಯೂ ಅಲ್ಲಿಯೇ ಇದೆ. ಮಗ ಚಾರ್ಲ್ಸನಿಗೆ ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿರಲಿಲ್ಲ. ಹೀಗಾಗಿ ಮೈಸೂರು ಯುದ್ಧದ ಬಹುಮಾನವಾಗಿ ಬಂದಿದ್ದ ಮಾರ್ಕ್ವೆಸ್ ಪದವಿ 1823ಕ್ಕೇ ಕೊನೆಗೊಂಡಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಓದಿ ಹೇಳಿದೆ. ಒತ್ತೆಯಿಟ್ಟ ಆ ಮಕ್ಕಳು ಮನೆಗೆ ಮರಳಿದ್ದು ಯಾವಾಗ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ (ಮಲ್ಲೇಶ್ವರದಿಂದ):
ಎರಡು ವರ್ಷ ಮದ್ರಾಸಿನಲ್ಲಿದ್ದು, 1794ರಲ್ಲಿ ಮರಳಿದರು.