ಫೋಟೋನೇ ಇಲ್ಲದ ನೆನಪನ್ನು ಗೋಡೆ ಮೇಲೆ ಬರೆಯುವುದು ಹೇಗೆ?

ಬಸವನಹಳ್ಳಿಯವಳು, ಚಿಕ್ಕಮಗಳೂರು

ನಮ್ಮ ಬೀದಿಯ ಕೊನೆಯಲ್ಲಿ ಹಳೇ ಗೋಡೌನಿನ ಕಾಂಪೌಂಡ್ ಗೋಡೆ ಇದೆ. 60 ಅಡಿ ಉದ್ದ, 8 ಅಡಿ ಎತ್ತರ. ಬೀದಿಯ ಹಳೇ ನೆನಪುಗಳನ್ನೆಲ್ಲ ಅದರ ಮೇಲೆ ಚಿತ್ರವಾಗಿ ಬರೆಸೋಣ ಅಂತ ಮನೆಗಿಷ್ಟು ಅಂತ ದುಡ್ಡು ಕೂಡಿಸಿದ್ದೇವೆ. ಮಾಲೀಕರೂ ಒಪ್ಪಿದ್ದಾರೆ.

ಹುಡುಗರು ಮೊನ್ನೆ ಒಂದು ಚಿತ್ರ ಬರೆದು ತಂದರು. ಮುಳ್ಳಯ್ಯನಗಿರಿ, ಗಿಡದ ತುಂಬ ಕೆಂಪು ಕಾಫಿ ಹಣ್ಣು, ಬಾಬಾಬುಡನ್ ತಂದ ಏಳು ಬೀಜ, ಪಕ್ಕದಲ್ಲಿ ಹೊಗೆ ಬಿಡುವ ರೈಲು. ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ನಮ್ಮ ಬೀದಿ ಎಲ್ಲಿ? ಯಾವ ಹೋಮ್‌ಸ್ಟೇಗೆ ಹೋದರೂ ಇದೇ ಚಿತ್ರ ಇರುತ್ತದೆ ಅಲ್ವಾ?

ನಮ್ಮ ಬೀದಿ ಬದುಕಿದ್ದು ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯ ಕೂಲಿಯಿಂದ. ಅಮ್ಮ ಅಲ್ಲಿ 22 ವರ್ಷ ಕಾಫಿ ಬೀಜ ಆರಿಸಿದ್ದಾರೆ. ಎದುರುಮನೆ ಅಜ್ಜಿ, ಮೂಲೆಮನೆ ಅತ್ತೆ, ಎಲ್ಲರೂ ಅಲ್ಲೇ. ಕಪ್ಪು ಕಾಳು, ಒಡೆದ ಕಾಳು ಹೆಕ್ಕಿ ಬೇರೆ ಮಾಡುವುದು, ಬೆಳಿಗ್ಗೆಯಿಂದ ಸಂಜೆವರೆಗೆ. ಅಮ್ಮ ಮನೆಗೆ ಬಂದು ಜಗಲಿ ಮೇಲೆ ಸೆರಗು ಕೊಡವಿದರೆ ಬೀಜದ ಮೇಲಿನ ಬೆಳ್ಳಿ ಸಿಪ್ಪೆ ತೆಳ್ಳಗೆ ಹಾರುತ್ತಿತ್ತು. ನಮಗೆ ಅಮ್ಮನ ವಾಸನೆ ಅಂದರೆ ಹಸಿ ಕಾಫಿ ಬೀಜದ ವಾಸನೆಯೇ. ಆಮೇಲೆ ಬಣ್ಣ ನೋಡಿ ಕಾಳು ಬೇರೆ ಮಾಡುವ ಮೆಷಿನ್ ಬಂತು. ಇವರೆಲ್ಲ ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿದರು.

ಆ ಹೆಂಗಸರು ಗೋಡೆ ಮೇಲೆ ಇರಲೇಬೇಕು ಅಂತ ನನ್ನ ಆಸೆ. ಆದರೆ ಕೆಲಸದ ಜಾಗದ ಒಂದೂ ಫೋಟೋ ಯಾರ ಹತ್ತಿರವೂ ಇಲ್ಲ. ಅಮ್ಮ ನೆಲಕ್ಕೆ ಗೋಣಿಚೀಲ ಹಾಸಿ ಕೂರುತ್ತಿದ್ದೆವು ಅನ್ನುತ್ತಾರೆ. ಅತ್ತೆ ಇಲ್ಲ, ಮೇಜು ಇತ್ತು ಅನ್ನುತ್ತಾರೆ. ಯಾರ ಮಾತು ಕೇಳಿ ಬರೆಯಬೇಕು?

ಇನ್ನೊಂದು, ಗೋಡೆಯ ತಳದಲ್ಲಿ ಸುಣ್ಣ ಉದುರುತ್ತದೆ. ಹುಡುಗರು ರಾಜ್ಯೋತ್ಸವಕ್ಕೆ ಮುಗಿಸೋಣ ಅಂತಿದ್ದಾರೆ. ಬಣ್ಣ ನಿಲ್ಲುತ್ತದಾ?

ಪೇಂಟಿಂಗ್ ಕೆಲಸದವನು, ಹಾಸನ

ಅಕ್ಕ, ಮೊದಲು ಗೋಡೆ ಮಾತು. ರಾಜ್ಯೋತ್ಸವಕ್ಕೆ ಬೇಡ. ನಾಲ್ಕು ತಿಂಗಳು ಮಳೆ ಕುಡಿದ ಗೋಡೆ ನವೆಂಬರ್ ಒಂದಕ್ಕೆ ಒಣಗಿರುವುದಿಲ್ಲ. ಒಂದು ಅಡಿ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಒಳಗೆ ನೀರಿನ ಹನಿ ಕೂತಿದ್ದರೆ ಇನ್ನೂ ಕಾಯಿರಿ. ಸಂಕ್ರಾಂತಿ ಹೊತ್ತಿಗೆ ಶುರು ಮಾಡಿದರೆ ಒಳ್ಳೆಯದು.

ಹಳೇ ಸುಣ್ಣ ಪೂರ್ತಿ ಕೆರೆದು ತೆಗೆಯಬೇಕು. ಕೈಯಲ್ಲಿ ಉಜ್ಜಿದರೆ ಪುಡಿ ಬರುವ ಗೋಡೆಗೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಆಯಿಲ್ ಪೇಂಟ್ ಹೊಳೆಯುತ್ತದೆ ಅಂತ ಆಸೆ ಪಡಬೇಡಿ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಗುಳ್ಳೆ ಎದ್ದು ಸುಲಿಯುತ್ತದೆ. ನೀರಿನಲ್ಲಿ ಕಲಸುವ ಹೊರಗೋಡೆ ಎಮಲ್ಷನ್ ಹಾಕಿ, ಅದಕ್ಕೆ ಮೊದಲು ಪ್ರೈಮರ್.

ತಳದ ಎರಡು ಅಡಿ ಚಿತ್ರವೇ ಬೇಡ. ಮಳೆ ನೀರು ಸಿಡಿದು ಮಣ್ಣು ಮೆತ್ತುವುದು ಅಲ್ಲೇ. ನಮ್ಮ ಹಳ್ಳಿ ಮನೆಗಳಿಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರಲ್ಲ, ಹಾಗೆ ಕೆಂಪು ಪಟ್ಟಿ ಬಿಡಿ. ಪ್ರತಿ ವರ್ಷ ಅದೊಂದನ್ನೇ ಮತ್ತೆ ಬಳಿದರೆ ಸಾಕು. ಗೋಡೆಯ ತಲೆಗೆ ಇಳಿಜಾರಾಗಿ ಸಿಮೆಂಟ್ ಹಾಕಿಸಿ. ನೀರು ಜಾಸ್ತಿ ಇಳಿಯುವುದು ಮೇಲಿಂದಲೇ.

ಕಡೂರಿನ ಡ್ರಾಯಿಂಗ್ ಮೇಷ್ಟ್ರು

ರೈಲು ಮೊದಲು ತೆಗೆಸಿ. ಚಿಕ್ಕಮಗಳೂರಿಗೆ ರೈಲು ಬಂದಿದ್ದೇ 2013ರಲ್ಲಿ, ನಮ್ಮ ಕಡೂರಿನಿಂದ. ಹೊಗೆ ಬಿಡುವ ಇಂಜಿನ್ ನಿಮ್ಮೂರಿಗೆ ಬಂದೇ ಇಲ್ಲ. ಆ ಜಾಗದಲ್ಲಿ ಕಾಫಿ ಮೂಟೆ ತುಂಬಿದ ಲಾರಿ ಬರೆಯಿರಿ.

ಫೋಟೋ ಇಲ್ಲ ಅಂತ ಬೇಜಾರು ಬೇಡ. ಆ ಹೆಂಗಸರನ್ನೇ ಮತ್ತೆ ಕೂರಿಸಿ. ಒಂದೆರಡು ಸೇರು ಹಸಿ ಕಾಫಿ ಬೀಜ ಮುಂದೆ ಸುರಿದು, ಸುಮ್ನೆ ಕೆಲಸ ಮಾಡಲು ಬಿಡಿ. ನೆನಪು ಬಾಯಲ್ಲಿ ತಪ್ಪಬಹುದು, ಕೈ ತಪ್ಪುವುದಿಲ್ಲ. ಕೈಗಳ ಫೋಟೋ ಹತ್ತಿರದಿಂದ ತೆಗೆಯಿರಿ. ಕಾಗದದ ಮೇಲೆ ಒಂದು ಇಂಚಿನ ಚೌಕ, ಗೋಡೆ ಮೇಲೆ ಒಂದು ಅಡಿಯ ಚೌಕ. ಚೌಕ ನೋಡಿಕೊಂಡು ಬರೆದರೆ ಹುಡುಗರಿಗೂ ಅಳತೆ ತಪ್ಪುವುದಿಲ್ಲ.

ಕಾಫಿ ಬೀದಿ ಮಗಳು

ನನ್ನ ಅಜ್ಜಿಯೂ ಇದೇ ಕೆಲಸಕ್ಕೆ ಹೋಗುತ್ತಿದ್ದರು. ಅವರ ಕಾಲಕ್ಕೆ ನೆಲ, ಚಿಕ್ಕಮ್ಮನ ಕಾಲಕ್ಕೆ ಮೇಜು. ನಿಮ್ಮ ಅಮ್ಮ, ಅತ್ತೆ ಇಬ್ಬರೂ ಸರಿ ಇರಬಹುದು, ಯಾವ ವರ್ಷ ಸೇರಿದರು ಅಂತ ಕೇಳಿ ನೋಡಿ. 60 ಅಡಿ ಗೋಡೆ ಇದೆ, ಎರಡೂ ಬರೆಯಬಹುದಲ್ಲ? ಇನ್ನೊಂದು ಮಾತು, ಯಾರಿಗೂ ಹಳೇ ಬಡತನದ ಮುಖ ಹಾಕಬೇಡಿ. ನನ್ನ ಅಜ್ಜಿ ಕೆಲಸಕ್ಕೆ ಹೂ ಮುಡಿದುಕೊಂಡೇ ಹೋಗುತ್ತಿದ್ದರು.

ಬಸವನಹಳ್ಳಿಯವಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕೇಳಿದೆ. ಅಮ್ಮ ಸೇರಿದ್ದು 1976ರಲ್ಲಿ, ಅತ್ತೆ ಅದಾಗಿ ಹತ್ತು ವರ್ಷದ ಮೇಲೆ. ನೆಲವೂ ಇತ್ತು, ಮೇಜೂ ಇತ್ತು.

ನಿನ್ನೆ ರಾತ್ರಿ ತಡೆಯಲಾಗದೆ ಮೊರದಲ್ಲಿ ಎರಡು ಹಿಡಿ ಬೀಜ ಹಾಕಿ ಅಮ್ಮನ ಮುಂದೆ ಇಟ್ಟೆ. ಮೊದಲು ಬೇಡ ಅಂದರು. ಆಮೇಲೆ ಕನ್ನಡಕ ತರಿಸಿಕೊಂಡರು. ಎಡಗೈ ಬೀಜವನ್ನು ತೆಳ್ಳಗೆ ಹರಡುತ್ತಾ ಹೋಯಿತು, ಬಲಗೈಯ ಎರಡು ಬೆರಳು ಕಪ್ಪು ಕಾಳನ್ನು ತೆಗೆದು ಅಂಗೈಯಲ್ಲೇ ಕೂಡಿಟ್ಟುಕೊಂಡಿತು. ಅಂಗೈ ತುಂಬಿದ ಮೇಲೆ ಪಕ್ಕಕ್ಕೆ ಸುರಿಯುತ್ತಿದ್ದರು. ನನ್ನ ಜೊತೆ ಮಾತಾಡುತ್ತಲೇ ಇದ್ದರು, ಕೈ ನಿಲ್ಲಲಿಲ್ಲ. ಆ ಅಂಗೈ ಗೋಡೆಯ ನಟ್ಟನಡುವೆ ಬರಬೇಕು ಅಂತ ಹುಡುಗರಿಗೆ ಹೇಳಿದ್ದೇನೆ. ಅವರೇ ರೈಲು ಅಳಿಸಿದರು.

ಭಾನುವಾರ ನಾಲ್ಕು ಜನ ನಮ್ಮ ಮನೆಗೆ ಬರುತ್ತಿದ್ದಾರೆ, ಹೂ ತಂದಿಡುತ್ತೇನೆ. ಮೇಷ್ಟ್ರೇ, ಹತ್ತು ಗಂಟೆಗೆ ಜಗಲಿಗೆ ಓರೆಯಾಗಿ ಬಿಸಿಲು ಬೀಳುತ್ತದೆ. ಕೈ ಫೋಟೋಗೆ ಅದು ಸಾಕಾ, ಇಲ್ಲ ನೆರಳಲ್ಲೇ ಕೂರಿಸಲಾ?