ಮಿಷನ್‌ಗೆ ಹೋದ ಪಕ್ಕದ ಮನೆ ಹುಡುಗ ಅಲ್ಲಿಗೆ ಹೋಗಿಳಿದ ವಾರವೇ ಅಳುತ್ತಿದ್ದಾನೆ, ಇದು ಮಾಮೂಲಾ?

ಪಕ್ಕದ್ಮನೆಯವಳು:
ನಾವು ಅಮೆರಿಕದ ಯೂಟಾದಲ್ಲಿದ್ದೇವೆ. ಪಕ್ಕದ ಮನೆಯವರು ಮಾರ್ಮನ್ ಅನ್ನೋ ಕ್ರೈಸ್ತ ಪಂಥದವರು. (ಆ ಹೆಸರು ಬೇಡ, ಚರ್ಚಿನ ಪೂರ್ತಿ ಹೆಸರನ್ನೇ ಬಳಸಿ ಅಂತ ಅವರ ಹಿರಿಯರು 2018ರಲ್ಲಿ ಹೇಳಿದ್ದಾರೆ, ಗೊತ್ತು. ಆದರೆ ಹೀಗೆ ಹೇಳಿದರೇ ಎಲ್ಲರಿಗೂ ತಿಳಿಯೋದು, ಅಲ್ವಾ?) ಅವರ ಹಿರಿ ಮಗನಿಗೆ 18, ನನ್ನ ಮಗನ ಜೊತೆಯಲ್ಲೇ ಬೆಳೆದವನು. ಹೈಸ್ಕೂಲ್ ಮುಗೀತಿದ್ದ ಹಾಗೇ ಮಿಷನ್‌ಗೆ, ಅಂದರೆ ಚರ್ಚಿನ ಪರವಾಗಿ ಧರ್ಮಪ್ರಚಾರಕ್ಕೆ ಹೋಗೋ ಸೇವೆಗೆ, ಅರ್ಜಿ ಹಾಕಿದ, ಬ್ರೆಜಿಲ್ ಅಂತ ಬಂತು. ಇಲ್ಲೇ ಯೂಟಾದ ಪ್ರೊವೋದಲ್ಲಿರುವ ಅವರ ಟ್ರೇನಿಂಗ್ ಸೆಂಟರ್‌ನಲ್ಲಿ ಪೋರ್ಚುಗೀಸ್ ಕಲಿತು ಈಗ ಅಲ್ಲಿಗೆ ಹೋಗಿದ್ದಾನೆ. ಎರಡು ವರ್ಷ ಬರೋ ಹಾಗಿಲ್ಲ.

ಮೊನ್ನೆ ಅವನ ಅಮ್ಮ ಅವನ ಇಮೇಲ್ ತೋರಿಸಿದರು. ಯಾರು ಏನು ಮಾತಾಡಿದರೂ ಒಂದು ಪದವೂ ತಲೆಗೆ ಹೋಗುತ್ತಿಲ್ಲವಂತೆ. ಜೊತೆಗಿರುವ ಹುಡುಗ ಬ್ರೆಜಿಲ್‌ನವನೇ, ಇಂಗ್ಲಿಷ್ ಬರೋದಿಲ್ಲ. ಅಳು ಬಂದರೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾನಂತೆ. ಆಕೆ ನನ್ನ ಮುಂದೆಯೇ ಅತ್ತುಬಿಟ್ಟರು. ನಾನು ಅವರ ಧರ್ಮದವಳಲ್ಲ, ಏನು ಹೇಳಬೇಕೋ ತೋಚಲಿಲ್ಲ. ಇದು ಎಲ್ಲರಿಗೂ ಆಗುತ್ತಾ? ವಾಪಸ್ ಕರೆಸಿಕೊಳ್ಳಿ ಅಂತ ಹೇಳಲಾ, ಬಾಯಿ ಮುಚ್ಚಿಕೊಂಡಿರಲಾ?

ಮಳೆಬಿಲ್ಲು:
ಅಕ್ಕಾ, ನನ್ನ ಗಂಡ ಬ್ರೆಜಿಲ್‌ನಲ್ಲೇ ಮಿಷನ್ ಮಾಡಿ ಬಂದವರು. ನಾನು ಆ ಚರ್ಚಿನವಳಲ್ಲ, ಆದರೆ ಮದುವೆಯಾದಾಗಿನಿಂದ ಅವರ ಮನೆಯವರ ಊಟದ ಮೇಜಿನಲ್ಲಿ ಇದೇ ಕಥೆಗಳು. ಅಳು ಮಾಮೂಲು. ಇವರೂ ಅತ್ತಿದ್ದಾರೆ, ಇವರ ತಮ್ಮನೂ ಅತ್ತಿದ್ದಾನೆ.

ಆ ಮೊದಲ ದಿನಗಳು ಹೇಗಿರುತ್ತವೆ ಅಂದರೆ, ಏರ್‌ಪೋರ್ಟಿಗೆ ಮಿಷನ್ ಪ್ರೆಸಿಡೆಂಟ್ (ಆ ಭಾಗದ ಮಿಷನ್ ಹುಡುಗರನ್ನೆಲ್ಲ ನೋಡಿಕೊಳ್ಳುವವರು) ಮತ್ತು ಅವರ ಹೆಂಡತಿ ಬಂದು ಕರೆದುಕೊಂಡು ಹೋಗುತ್ತಾರೆ, ಊಟ ಹಾಕುತ್ತಾರೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತಾರೆ, ಅಲ್ಲಿಯವರೆಗೆ ಎಲ್ಲಾ ಚೆನ್ನಾಗೇ ಇರುತ್ತೆ. ಆಮೇಲೆ ಒಬ್ಬ ಟ್ರೇನರ್ ಜೊತೆ ಹಾಕಿ ಬಸ್ ಹತ್ತಿಸುತ್ತಾರೆ. ಟ್ರೇನರ್ ಅಂದರೆ ದೊಡ್ಡ ಮನುಷ್ಯನೇನಲ್ಲ, ಅವನೂ ಹತ್ತೊಂಬತ್ತು ಇಪ್ಪತ್ತರ ಹುಡುಗ. ಹೊಸಬರನ್ನು ಗ್ರೀನಿ ಅಂತ ಕರೆಯುತ್ತಾರೆ. 12 ವಾರ ಈ ಟ್ರೇನಿಂಗ್ ನಡೆಯುತ್ತೆ.

ಪ್ರೊವೋದಲ್ಲಿ ಕಲಿಸೋದು ನಿಧಾನದ, ಚೊಕ್ಕ ಪೋರ್ಚುಗೀಸ್. ಅಲ್ಲಿ ಬೀದಿಯಲ್ಲಿ ಅರ್ಧ ಪದ ನುಂಗಿ ಮಾತಾಡುತ್ತಾರೆ. ಟ್ರೇನಿಂಗ್‌ನಲ್ಲಿ ಕ್ಲಾಸಿಗೇ ಫಸ್ಟ್ ಇದ್ದವನಿಗೂ ಬಸ್ ಕಂಡಕ್ಟರ್ ಏನು ಕೇಳಿದ ಅಂತ ಗೊತ್ತಾಗೋದಿಲ್ಲ. ನನ್ನ ಗಂಡ ಚೆನ್ನಾಗಿ ಕಲಿತ ಮೊದಲ ವಾಕ್ಯ ಪ್ರಾರ್ಥನೆಯದಲ್ಲ, 'ಥ್ಯಾಂಕ್ಸ್, ನಾನು ಕಾಫಿ ಕುಡಿಯೋದಿಲ್ಲ' ಅನ್ನೋದು! ಬ್ರೆಜಿಲ್‌ನಲ್ಲಿ ಯಾರ ಮನೆಗೆ ಹೋದರೂ ಪುಟ್ಟ ಕಪ್ಪಿನಲ್ಲಿ ಕಾಫಿ ಬರುತ್ತೆ, ಇವರಿಗೆ ಕಾಫಿ ಟೀ ಎರಡೂ ನಿಷಿದ್ಧ. ಮನೆ ಮುಂದೆ ಬೆಲ್ ಇಲ್ಲದಿದ್ದರೆ ಗೇಟಿನ ಹೊರಗೆ ನಿಂತು ಚಪ್ಪಾಳೆ ತಟ್ಟಬೇಕು, ಅದೇ ಅಲ್ಲಿ ಬಾಗಿಲು ಬಡಿದ ಹಾಗೆ. ಸ್ನಾನದ ನೀರು ಕಾಯಿಸೋದು ಶವರ್ ತಲೆಯೊಳಗಿನ ಕರೆಂಟ್ ಕಾಯಿಲ್. ತಲೆ ಮೇಲೇ ವೈರು ನೇತಾಡುತ್ತಿರುತ್ತೆ, ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ ಟ್ರೇನರ್ ಕೈಸನ್ನೆಯಲ್ಲೇ ಹೇಳಿಕೊಟ್ಟನಂತೆ.

ಆದರೆ ಇವರು ಹೇಳೋದು, ಭಾಷೆಗಿಂತ ಕಷ್ಟ ಅಂದರೆ ಒಂದು ನಿಮಿಷವೂ ಒಬ್ಬನೇ ಇರೋ ಹಾಗಿಲ್ಲದಿರೋದು. ಕಂಪ್ಯಾನಿಯನ್, ಅಂದರೆ ಜೊತೆಗಾರ, ಯಾವಾಗಲೂ ಕಣ್ಣಳತೆಯಲ್ಲಿ, ಕಿವಿಯಳತೆಯಲ್ಲಿ ಇರಬೇಕು. ಬಾತ್‌ರೂಮಿಗೆ ವಿನಾಯಿತಿ ಇದೆ. ಹಾಗಾಗಿ ಬಾತ್‌ರೂಮಿನಲ್ಲಿ ಅಳುವವನು ಇವನೊಬ್ಬನೇ ಅಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರೂ ಇಲ್ಲ, ಎಲ್ಲರಿಗೂ ಅವನು ಎಲ್ಡರ್ ಇಂಥವನು, ಎದೆ ಮೇಲಿನ ಕಪ್ಪು ಬಿಲ್ಲೆಯಲ್ಲಿ ಅವನ ಹೆಸರು ಅಂತ ಇರೋದೂ ಬರೀ ಮನೆತನದ ಹೆಸರು. ಬೆಳಗ್ಗೆ 6.30ಕ್ಕೆ ಏಳು, ವ್ಯಾಯಾಮ, ಓದು, ಊರೆಲ್ಲಾ ನಡೆ, ರಾತ್ರಿ 10.30ಕ್ಕೆ ದೀಪ ಆರಿಸು. ಸುಸ್ತಾಗಿರೋನಿಗೆ ಅಳು ಬೇಗ ಬರುತ್ತೆ, ಅಷ್ಟೇ.

ಕರೆಸಿಕೊಳ್ಳಿ ಅಂತ ಈಗಲೇ ಹೇಳಬೇಡಿ.

ನೇರಮಾತು:
ಸುಮ್ನೆ ಮಾಮೂಲು ಮಾಮೂಲು ಅಂದುಬಿಟ್ಟರೆ ಹೇಗೆ? 18ರ ಹುಡುಗನನ್ನು ಭಾಷೆ ಬರದ ದೇಶಕ್ಕೆ ಕಳಿಸಿ, ಟಿವಿ ಇಲ್ಲ, ಡೇಟಿಂಗ್ ಇಲ್ಲ, ಈಜೋ ಹಾಗೂ ಇಲ್ಲ, ಸಂಬಳವೂ ಇಲ್ಲ ಅಂದರೆ ಅಳದೆ ಇನ್ನೇನು ಮಾಡುತ್ತಾನೆ. ಮೇಲಾಗಿ ದುಡ್ಡು ಮನೆಯವರದೇ. ಅಮೆರಿಕದವರು ತಿಂಗಳಿಗೆ 400 ಡಾಲರ್ ಕಟ್ಟಬೇಕಿತ್ತು, 2020ರ ಜುಲೈನಿಂದ ಅದನ್ನು 500 ಮಾಡಿದರು. ಹುಡುಗರ ವಯಸ್ಸಿನ ಮಿತಿ 19 ಇದ್ದದ್ದನ್ನು 2012ರಲ್ಲಿ 18ಕ್ಕೆ ಇಳಿಸಿದರು. ಒಂದು ವರ್ಷವಾದರೂ ಕಾಲೇಜು, ಹಾಸ್ಟೆಲ್ ಅಂತ ನೋಡಿರುತ್ತಿದ್ದರು, ಈಗ ಎಷ್ಟೋ ಜನ ಅಮ್ಮನ ಅಡುಗೆಮನೆಯಿಂದ ಸೀದಾ ವಿಮಾನಕ್ಕೆ.

ನನ್ನ ಬೇಸರ ಇನ್ನೊಂದು. ನಾನೂ ಇಲ್ಲಿ ಕೆಲಸ ಮಾಡುತ್ತಿದ್ದೇನೆ, ಮಧ್ಯದಲ್ಲೇ ವಾಪಸ್ ಬಂದ ಒಬ್ಬ ಸಹೋದ್ಯೋಗಿ ಇದ್ದಾನೆ. ಹುಷಾರಿಲ್ಲದೆ ಬಂದವನು. ಇವತ್ತಿಗೂ ಯಾರಾದರೂ 'ನಿನ್ನ ಮಿಷನ್ ಎಲ್ಲಿ ಆಗಿತ್ತು' ಅಂತ ಕೇಳಿದರೆ ಮಾತು ಬದಲಿಸುತ್ತಾನೆ. ಹುಡುಗರು ಕಷ್ಟವನ್ನು ಹೇಳದೆ ನುಂಗಿಕೊಳ್ಳೋದು ಈ ನಾಚಿಕೆಗೇ. ಇವನು ಅಮ್ಮನಿಗೆ ಬರೆದಿದ್ದಾನಲ್ಲ, ಅದೇ ದೊಡ್ಡದು. ಆಕೆ ಅದನ್ನು 'ಧೈರ್ಯ ತಂದುಕೋ ಮಗನೇ' ಅಂತ ಮುಚ್ಚಿಹಾಕಬಾರದು.

ಮಳೆಬಿಲ್ಲು:
@ನೇರಮಾತು ವಾಪಸ್ ಬಂದವರನ್ನು ಜನ ನೋಡೋ ರೀತಿಯ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ, ನಮ್ಮ ಅತ್ತೆಯೂ ಇದನ್ನು ಒಪ್ಪುತ್ತಾರೆ. ಆದರೆ ಮೊದಲ ವಾರದ ಅಳುವಿಗೂ ಕಾಯಿಲೆಗೂ ವ್ಯತ್ಯಾಸ ಇದೆ. ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ, ಮಧ್ಯೆ ಒಂದಾದರೂ ತಮಾಷೆ ಬರೆಯುತ್ತಾನಾ? ಹೌದು ಅಂದರೆ ಕಾಯಬಹುದು. ವಾರಗಟ್ಟಲೆ ನಿದ್ದೆ ಇಲ್ಲ, ಹಾಸಿಗೆ ಬಿಟ್ಟು ಏಳೋಕೆ ಆಗುತ್ತಿಲ್ಲ, ಬದುಕೇ ಬೇಡ ಅನ್ನೋ ಥರ ಮಾತು ಬಂತು ಅಂದರೆ ಒಂದು ದಿನವೂ ಕಾಯಬಾರದು. ಅಮ್ಮ ನೇರವಾಗಿ ಮಿಷನ್ ಪ್ರೆಸಿಡೆಂಟ್‌ಗೇ ಫೋನ್ ಮಾಡಬೇಕು. ಡಾಕ್ಟರಿಗೆ ತೋರಿಸೋ ವ್ಯವಸ್ಥೆ ಇರುತ್ತೆ, ಕೌನ್ಸೆಲಿಂಗೂ ಇರುತ್ತೆ. ಬೇಕಾದರೆ ಮನೆಯಲ್ಲೇ ಇದ್ದುಕೊಂಡು ಸಮಾಜಸೇವೆ ಮಾಡುವ ಸರ್ವಿಸ್ ಮಿಷನ್ ಅಂತಲೂ ಇದೆ.

ರೋಡ್‌ಮ್ಯಾಪ್:
ನಾನು ಬ್ರೆಜಿಲ್‌ನ ಒಳನಾಡಿನ ಊರೊಂದರಲ್ಲಿ ಪ್ರಾಜೆಕ್ಟ್ ಮೇಲೆ ಇದ್ದೆ. ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಬಿಳಿ ಶರ್ಟಿನ ಇಬ್ಬರು ಹುಡುಗರು ಬಿಸಿಲಲ್ಲಿ ಬೆವರು ಸುರಿಸಿಕೊಂಡು ನಡೆಯೋದು ಅಲ್ಲಿ ಎಲ್ಲರಿಗೂ ಅಭ್ಯಾಸವಾದ ನೋಟ. ಜನ ಮತಕ್ಕೆ ಸೇರದೇ ಇರಬಹುದು, ನೀರು ಕೊಡದೆ ಕಳಿಸೋದು ಕಡಿಮೆ. ಚರ್ಚಿನ ಮನೆಗಳವರು ಸರದಿ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಕರೆಯುತ್ತಾರೆ, ಅನ್ನ, ರಾಜ್ಮಾದಂಥ ಫೆಜಾಂವ್ ಕಾಳಿನ ಸಾರು, ಮಾಂಸ. ತಟ್ಟೆ ಖಾಲಿಯಾದರೆ ಮತ್ತೆ ಬಡಿಸುತ್ತಾರೆ, ಹುಡುಗ ಸೊರಗೋದಿಲ್ಲ, ಆಕೆಗೆ ಇದನ್ನು ಖಂಡಿತ ಹೇಳಿ.

ಭಾಷೆ ವಿಷಯಕ್ಕೆ ಬಂದರೆ, ನಾನು ಆ ಊರಿಗೆ ಆ ಹುಡುಗರಿಗಿಂತ ಮೊದಲು ಬಂದವನು, ಆಫೀಸಿನಲ್ಲಿ ಇಂಗ್ಲಿಷ್ ಇತ್ತು ಅಂತ ಕೊನೆವರೆಗೂ ತೊದಲುತ್ತಲೇ ಇದ್ದೆ. ಅವರು ಕಣ್ಣೆದುರೇ ನನ್ನನ್ನು ದಾಟಿ ಹೋದರು. ಇಂಗ್ಲಿಷ್ ಬಾರದ ಜೊತೆಗಾರ ಸಿಕ್ಕಿದ್ದು ಇವತ್ತು ಶಿಕ್ಷೆ ಅನ್ನಿಸುತ್ತೆ, ನನ್ನ ಪ್ರಕಾರ ಅದು ಲಾಟರಿ. ತಪ್ಪು ಮಾತಾಡಿದರೆ ಬ್ರೆಜಿಲ್‌ನವರು ನಗುತ್ತಾರೆ, ಆದರೆ ನಗುತ್ತಲೇ ತಿದ್ದುತ್ತಾರೆ, ಮಕ್ಕಳಂತೂ ಬಿಡೋದೇ ಇಲ್ಲ. ಧರ್ಮಪ್ರಚಾರದ ಬಗ್ಗೆ ನನಗೆ ನನ್ನದೇ ತಕರಾರುಗಳಿವೆ, ಅದು ಈ ಹುಡುಗನ ಪ್ರಶ್ನೆ ಅಲ್ಲ ಅಂತ ಬಿಡುತ್ತೇನೆ.

ಪಕ್ಕದ್ಮನೆಯವಳು:
ಎಲ್ಲರಿಗೂ ಥ್ಯಾಂಕ್ಸ್. ಇದರಲ್ಲಿ ಅರ್ಧ ಇವತ್ತೇ ಆಕೆಗೆ ಹೇಳಿದೆ. ಊಟ ಚೆನ್ನಾಗಿ ಮಾಡುತ್ತಿದ್ದಾನಂತೆ, ಶವರ್ ಬಗ್ಗೆ ಒಂದು ಪೂರ್ತಿ ಪ್ಯಾರಾ ಬರೆದಿದ್ದನಂತೆ, ಆಕೆ ಆ ಭಾಗ ನನಗೆ ತೋರಿಸಿರಲೇ ಇಲ್ಲ! ಸೋಮವಾರ ವಿಡಿಯೋ ಕಾಲ್ ಇದೆ. ಆಕೆಗೆ ಅತ್ತುಬಿಡುತ್ತೇನೇನೋ ಅನ್ನೋ ಭಯ. ಏನು ಮಾತಾಡಲಿ ಅಂತ ಕೇಳುತ್ತಿದ್ದಾರೆ.

ಮಳೆಬಿಲ್ಲು:
ಸೋಮವಾರ ಅಂದರೆ ಅವನ ಪಿ-ಡೇ (ಪ್ರಿಪರೇಶನ್ ಡೇ) ಇರಬೇಕು, ಬಟ್ಟೆ ಒಗೆಯೋದು, ಸಾಮಾನು ತರೋದು, ಮನೆಗೆ ಮಾತಾಡೋದು ಎಲ್ಲಾ ಆವತ್ತೇ. ವಾರಕ್ಕೊಂದು ಕಾಲ್ ಅನ್ನೋದೇ ಹೊಸದು ಅಕ್ಕಾ. 2019ರ ಫೆಬ್ರವರಿವರೆಗೆ ವರ್ಷಕ್ಕೆ ಎರಡೇ ಸಲ ಫೋನ್, ಕ್ರಿಸ್‌ಮಸ್‌ಗೆ ಒಂದು, ಅಮ್ಮಂದಿರ ದಿನಕ್ಕೆ ಒಂದು. ಉಳಿದಂತೆ ಇಮೇಲ್. ನನ್ನ ಅತ್ತೆ, ಮಗನ ಆ ಕಾಲ್‌ಗೆ ಮೊದಲೇ ಪ್ರಶ್ನೆ ಬರೆದಿಟ್ಟುಕೊಳ್ಳುತ್ತಿದ್ದರು.

'ಹೇಗಿದ್ದೀಯಾ' ಅಂತ ಶುರು ಮಾಡಿದರೆ ಇಬ್ಬರೂ ಅಳುತ್ತಾರೆ. ಸಣ್ಣದು ಕೇಳಲಿ. ಇವತ್ತು ಯಾರ ಮನೆ ಊಟ, ಕಂಪ್ಯಾನಿಯನ್ ಗೊರಕೆ ಹೊಡೆಯುತ್ತಾನಾ, ಶೂ ಕಚ್ಚುತ್ತಿದೆಯಾ, ಈ ವಾರ ಕಲಿತ ಒಂದು ಪದ ಹೇಳು. ತಮ್ಮ ತಂಗಿಯರು ಐದು ನಿಮಿಷ ಜಗಳ ಆಡಿದರೂ ಪರವಾಗಿಲ್ಲ, ಅವನಿಗೆ ಮನೆಯ ಸದ್ದು ಬೇಕು. ಆಮೇಲೆ ಒಂದೇ ಒಂದು ಸಲ, ಅಳದೆ, ನೇರವಾಗಿ ಹೇಳಲಿ: ಆಗೋದೇ ಇಲ್ಲ ಅನ್ನಿಸಿದರೆ ಮೊದಲು ನನಗೆ ಹೇಳು, ನಾವು ಬೈಯೋದಿಲ್ಲ. ಪ್ರತಿ ವಾರ ಅದನ್ನೇ ಎತ್ತಬಾರದು, ಎತ್ತಿದರೆ ಅವನಿಗೂ ಅದೇ ಧ್ಯಾನ ಆಗುತ್ತೆ.

ನೇರಮಾತು:
ಇದಕ್ಕೆ ನನ್ನ ತಕರಾರಿಲ್ಲ. ಅಪ್ಪನೂ ಆ ಮಾತನ್ನು ಹೇಳಲಿ. ಅಮ್ಮ ಹೇಳಿದ್ದನ್ನು ಹುಡುಗರು ಮುದ್ದಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ.

ರೋಡ್‌ಮ್ಯಾಪ್:
ಇನ್ನೊಂದು, ಪ್ರೀತಿಗೆ ಅಂತ ದೊಡ್ಡ ಪಾರ್ಸೆಲ್ ಕಳಿಸೋಕೆ ಹೋಗಬೇಡಿ ಅನ್ನಿ. ಬ್ರೆಜಿಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ಯಾವಾಗ ಕೈಗೆ ಬರುತ್ತೋ ಹೇಳೋಕಾಗಲ್ಲ, ಸುಂಕವೂ ಜಾಸ್ತಿ, ಅದನ್ನು ಕಟ್ಟಿ ಬಿಡಿಸಿಕೊಳ್ಳಬೇಕಾದವನು ಅವನೇ.