ಥೆಲೋನಿಯಸ್ ಮಂಕ್: ಆ ಆರು ವರ್ಷ ತಪಸ್ಸೇ?

ಹಳೇ ರೆಕಾರ್ಡು
1951ರಲ್ಲಿ ನ್ಯೂಯಾರ್ಕ್ ಪೊಲೀಸರು ಜಾಝ್ ಪಿಯಾನೊ ವಾದಕ ಮಂಕ್ ಅವರನ್ನೂ ಗೆಳೆಯ ಬಡ್ ಪವೆಲ್ ಅವರನ್ನೂ ಹೆರಾಯಿನ್ ಕೇಸಿನಲ್ಲಿ ಹಿಡಿದರು. ಮಂಕ್ ಯಾರ ವಿರುದ್ಧವೂ ಬಾಯಿಬಿಡಲಿಲ್ಲ. ಜೈಲಾಯಿತು, ಕ್ಯಾಬರೆ ಕಾರ್ಡೂ ಹೋಯಿತು. ಪೊಲೀಸರು ಕೊಡುವ ಆ ಕಾರ್ಡಿಲ್ಲದೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. 1957ರವರೆಗೂ ಇದೇ ಪಾಡು. ಈ ವನವಾಸವೇ ಅವರ ಸಂಗೀತವನ್ನು ಮಾಗಿಸಿತು ಅನ್ನುವುದು ನನ್ನ ಅನಿಸಿಕೆ.

ಸಾವಿತ್ರಿ
ಸರ್, ಒಪ್ಪಲಾರೆ. ‘ರೌಂಡ್ ಮಿಡ್‌ನೈಟ್’, ‘ರೂಬಿ, ಮೈ ಡಿಯರ್’ ಕೃತಿಗಳೆರಡನ್ನೂ ಬ್ಲೂ ನೋಟ್ ಕಂಪನಿಗೆ 1947ರಲ್ಲೇ ನುಡಿಸಿದ್ದರು. ಮೂವತ್ತಕ್ಕೇ ಮಾಗಿದ್ದ ಮನುಷ್ಯ. ಕಾರ್ಡಿಲ್ಲದ ಆ ವರ್ಷಗಳಲ್ಲಿ ಹೆಂಡತಿ ನೆಲ್ಲಿ ದುಡಿದು ಮನೆ ನಡೆಸಿದರು, ಇಬ್ಬರು ಮಕ್ಕಳು ಬೇರೆ. ತಪಸ್ಸು ಅಂದುಬಿಟ್ಟರೆ ಆಕೆಯ ದುಡಿಮೆ ಕಾಣದೇ ಹೋಗುತ್ತದೆ.

ವೀಣೆ ವಿದ್ಯಾರ್ಥಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅವರ ವಾದನದಲ್ಲಿ ಅಲ್ಲಲ್ಲಿ ಬೆರಳು ತಪ್ಪಿದ ಹಾಗೆ ಕೇಳುತ್ತದಲ್ಲ?

ಕೀಬೋರ್ಡ್ ಮೇಷ್ಟ್ರು
ತಪ್ಪಿದ್ದಲ್ಲಮ್ಮ, ಬೇಕೆಂದೇ ಒತ್ತಿದ್ದು. ವೀಣೆಯಲ್ಲಿ ತಂತಿ ಎಳೆದು ಎರಡು ಸ್ವರಗಳ ನಡುವೆ ನಿಲ್ಲಬಹುದು. ಪಿಯಾನೊದಲ್ಲಿ ಆ ಜಾಗವೇ ಇಲ್ಲ. ಮಂಕ್ ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸುತ್ತಿದ್ದರು. ಕಿವಿಗೆ ಸ್ವರ ಬಾಗಿದಂತೆ ಕೇಳುತ್ತದೆ. ಲಯವೂ ಅಷ್ಟೇ ಕಠಿಣ. 1956ರಲ್ಲಿ ಅವರ ‘ಬ್ರಿಲಿಯಂಟ್ ಕಾರ್ನರ್ಸ್’ ಕೃತಿಯ ಧ್ವನಿಮುದ್ರಣಕ್ಕೆ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್, ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್‌ರಂಥವರಿದ್ದರು. 25 ಸಲ ನುಡಿಸಿದರೂ ಒಂದೂ ಪೂರ್ತಿ ಸರಿಬರದೆ, ಕೊನೆಗೆ ತುಣುಕು ಜೋಡಿಸಿದರು.

ಹಳೇ ರೆಕಾರ್ಡು
ನೋಡಿ, ಅದೂ ಕಾರ್ಡಿಲ್ಲದ ಕಾಲದ್ದೇ! ನೆಲ್ಲಿಯವರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ದಿನಾ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರೆ ಇಂಥದ್ದನ್ನು ಕೂತು ಕಟ್ಟಲು ಪುರುಸೊತ್ತು ಸಿಗುತ್ತಿತ್ತೇ?

ಸಾವಿತ್ರಿ
ಸಿಗುತ್ತಿತ್ತು. ಜೊತೆಗೆ ಅದನ್ನು ನುಡಿಸಬಲ್ಲ ತಂಡವೂ ಸಿಗುತ್ತಿತ್ತು. ಕಾರ್ಡು ಮರಳಿದ ಮೇಲೆ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸಿದರಲ್ಲ, ಆ ಬೆಸುಗೆ ರಾತ್ರಿ ರಾತ್ರಿ ಜನರೆದುರು ನುಡಿಸಿಯೇ ಬಂದದ್ದು. ಸಾಲದ್ದಕ್ಕೆ 1958ರಲ್ಲಿ ಡೆಲವೇರ್‌ನಲ್ಲಿ ಪೊಲೀಸರು ಕೈಗೆ ಹೊಡೆದರು, ಕಾರ್ಡು ಮತ್ತೆ ಹೋಯಿತು. ಪಿಯಾನೊ ನುಡಿಸುವವನ ಕೈಗೆ! ಇದರಲ್ಲಿ ಕಲೆಗೆ ಒಳಿತು ಹುಡುಕಲು ನನಗಂತೂ ಮನಸ್ಸು ಬರುವುದಿಲ್ಲ.

ಕೀಬೋರ್ಡ್ ಮೇಷ್ಟ್ರು
ಇಬ್ಬರೂ 1957ರ ನವೆಂಬರಿನ ಕಾರ್ನೆಗಿ ಹಾಲ್ ಕಚೇರಿ ಕೇಳಿ. ಕೋಲ್ಟ್ರೇನ್ ಇದ್ದಾರೆ. ಆ ಟೇಪು 2005ರವರೆಗೆ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. 1947ರ ರೆಕಾರ್ಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಆಮೇಲೆ ವಾದ ಮುಂದುವರಿಸೋಣ.